ನೀಲಿ ದೀಪದ ಡಬ್ಬಿ

ಅಂದಾನೆಪ್ಪನ ಹೊಟ್ಟೆಗೆ ಬೆಂಕಿ ಹಚ್ಚಿದ್ದು ಒಂದು ಸಾಲು ನೀಲಿ ದೀಪಗಳು.

ಕುಂದಗೋಳದ ಬಸ್ ನಿಲ್ದಾಣದ ಬಾಜುವಿನ ಓಣಿಯಲ್ಲಿ ಅವನದೊಂದು ಕಂಪ್ಯೂಟರ್ ರಿಪೇರಿ ಅಂಗಡಿ. ಬಿಡಿಭಾಗಗಳನ್ನು ತಂದು ಜೋಡಿಸಿ ಕಂಪ್ಯೂಟರ್ ಮಾಡಿಕೊಡುವುದರಲ್ಲಿ ತನ್ನನ್ನು ಮೀರಿಸುವವರು ಇಲ್ಲವೆಂದು ಅವನೇ ಹೇಳಿಕೊಳ್ಳುತ್ತಿದ್ದ. ಬೇರೆ ಯಾರೂ ಹೇಳುತ್ತಿರಲಿಲ್ಲವಾದ್ದರಿಂದ ಆ ಕೆಲಸವೂ ಅವನ ಮೇಲೆಯೇ ಬಿದ್ದಿತ್ತು. ಎದುರಿನ ಅಂಗಡಿ ಹೇಮಂತನದು. ಊರಿನ ಮನೆಮನೆಗೆ ಇಂಟರ್ನೆಟ್ ತಂತಿ ಎಳೆದವನು ಅವನೇ. ಆ ಹೇಮಂತ ಮೊನ್ನೆ ಹುಬ್ಬಳ್ಳಿಯಿಂದ ಒಂದು ರೌಟರ್ ಹೊತ್ತು ತಂದ. ಮನೆಯ ಗೋಡೆಗೆ ತೂಗುಹಾಕುವ ಅಂಗೈಯಗಲದ ಬಿಳಿ ಡಬ್ಬಿಯಲ್ಲ. ಊರಿಗೆ ಬರುವ ಇಂಟರ್ನೆಟ್ಟನ್ನೆಲ್ಲ ಹಿಡಿದು ಹಂಚುವ ದೊಡ್ಡ ಗೌಡ. ಕರಿ ತಗಡಿನ ಮೈ, ಮುಂದೆ ಸಾಲಾಗಿ ತೂತು, ಪ್ರತಿ ತೂತಿನ ಮೇಲೂ ಮಿಣಮಿಣ ನೀಲಿ ದೀಪ. ಬೆಲೆ ಒಂದು ಜೋಡಿ ಒಳ್ಳೆಯ ಕಿಲಾರಿ ಎತ್ತಿಗಿಂತ ಹೆಚ್ಚಂತೆ.

ಹೊಟ್ಟೆಯುರಿಗೆ ಕಾರಣವೂ ಇತ್ತು. ಅದೇ ಕೆಲಸ ಮಾಡುವ ಡಬ್ಬಿಯನ್ನು ಅಂದಾನೆಪ್ಪ ಯಾವಾಗಲೋ ಮಾಡಿಟ್ಟಿದ್ದ. ಹಳೆಯ ಕಂಪ್ಯೂಟರ್ ಒಂದಕ್ಕೆ ಒಂದೆರಡು ಕಾರ್ಡು ಸಿಕ್ಕಿಸಿ, ಪುಕ್ಕಟೆ ಸಿಗುವ ಸಾಫ್ಟ್‌ವೇರ್ ತುಂಬಿದ್ದ. ಕೆಲಸ ಚೆನ್ನಾಗಿಯೇ ಮಾಡುತ್ತಿತ್ತು. ಆದರೆ ಅದರ ಮೈ ಹಳದಿಗಟ್ಟಿತ್ತು, ಒಂದು ಮಗ್ಗುಲಿನ ಮುಚ್ಚಳ ಎಲ್ಲೋ ಕಳೆದುಹೋಗಿತ್ತು. ರೈತರ ಸೊಸೈಟಿಗೂ ಅದರ ಹಳ್ಳಿ ಶಾಖೆಗಳಿಗೂ ಇಂಥ ಡಬ್ಬಿಗಳು ಬೇಕಾಗಿವೆ ಎಂದು ತಿಳಿದು, ಅದನ್ನು ಸೊಸೈಟಿಯ ಸೆಕ್ರೆಟರಿ ಪ್ರಭು ಅವರಿಗೆ ತೋರಿಸಿದ್ದ. ಅವರು ಬಗ್ಗಿ ನೋಡಿ, "ಇದ್ರಾಗ ಇಲಿ ಹೊಕ್ಕಾವೇನ್ರಿ?" ಎಂದಷ್ಟೇ ಕೇಳಿ ಹೋಗಿದ್ದರು. ಆ ಆರ್ಡರ್ ಸಿಕ್ಕರೆ ಕೆಟ್ಟ ಮೌಸು ಒರೆಸುವ ಬಾಳು ತಪ್ಪುತ್ತದೆ, ಊರಿನಲ್ಲಿ ನಾಲ್ಕು ಮಂದಿ 'ಅಂದಾನೆಪ್ಪನವರು' ಅನ್ನುತ್ತಾರೆ ಎಂದು ಅವನು ಕಾಯುತ್ತಿದ್ದ. ಈಗ ಪ್ರಭು ಅವರ ಕಣ್ಣು ಹೇಮಂತನ ಡಬ್ಬಿಯ ಮೇಲೆ ಬಿದ್ದಿತ್ತು. ಇವತ್ತು ಅದರ ಪೂಜೆ. ಆರ್ಡರ್ ಯಾರಿಗೆಂದು ಪ್ರಭು ಹೇಳುವುದೂ ಇವತ್ತೇ.

ಮುಂಜಾನೆ ಅಂದಾನೆಪ್ಪ ಬೇಡ ಬೇಡವೆಂದುಕೊಂಡೇ ರಸ್ತೆ ದಾಟಿದ. ಡಬ್ಬಿಗೆ ವಿಭೂತಿ ಎಳೆದು ಕುಂಕುಮವಿಟ್ಟು ಚೆಂಡುಹೂವಿನ ಹಾರ ಹಾಕಿದ್ದರು. ಪಂಚರ್ ಅಂಗಡಿಯ ಮಾಬುಸಾಬ ಅದರ ಜೊತೆ ಸೆಲ್ಫಿ ತೆಗೆಸಿಕೊಳ್ಳುತ್ತಿದ್ದ. ಪ್ರಭು ಅವರು ಕೈಮುಗಿದು ನಿಂತಿದ್ದರು.

"ಬರ್ರಿ ಅಂದಾನೆಪ್ಪಣ್ಣ, ಪೇಡೆ ತಗೋರಿ," ಎಂದ ಹೇಮಂತ.

ಧಾರವಾಡದ ಪೇಡೆ ಬೇವಿನಕಾಯಿಯಂತೆ ಕಹಿಯಾಯಿತು. ಹೊಟ್ಟೆಯೊಳಗಿನದು ಮುಖದ ಮೇಲೆ ಕಾಣಬಾರದೆಂದು ಅಂದಾನೆಪ್ಪ ಬಾಯಿತುಂಬ ಹೊಗಳತೊಡಗಿದ. "ಏನ್ ಮಶೀನ್ ತಂದಿಯೋ ಹೇಮಂತಾ! ಇಡೀ ಜಿಲ್ಲಾದಾಗ ಇಂಥಾದ್ದಿಲ್ಲ. ಏನ್ ಬಣ್ಣ, ಏನ್ ದೀಪ! ನೋಡಕೋತನ ಇರಬೇಕು ಅನ್ನಸ್ತೈತಿ ನೋಡಪಾ!"

ಪಕ್ಕದ ಒಲೆಯ ಮುಂದೆ ಮಿರ್ಚಿಭಜಿ ಕರಿಯುತ್ತಿದ್ದ ದುರಗವ್ವನ ಕೈ ಎಣ್ಣೆಯ ಮೇಲೆಯೇ ನಿಂತಿತು. ಹಾಲು ಕೊಡುವ ಎಮ್ಮೆ, ಎಳೆಯ ಕೂಸು, ಹೊಸದಾಗಿ ತಂದ ವಸ್ತು ಇವನ್ನು ಎದುರಿಗೆ ನಿಂತು ಹೊಗಳಬಾರದು. ತಪ್ಪಿ ಹೊಗಳಿದರೆ ಕೊನೆಗೆ ಥೂ ಥೂ ಎಂದು ಉಗುಳಿದಂತಾದರೂ ಮಾಡಬೇಕು. ಮತ್ಸರದ ಅವಸರದಲ್ಲಿ ಅಂದಾನೆಪ್ಪ ಅದನ್ನು ಮರೆತ.

ಅವನು ತನ್ನ ಅಂಗಡಿಯ ಮೆಟ್ಟಿಲು ಹತ್ತುವಷ್ಟರಲ್ಲಿ ನೀಲಿ ದೀಪಗಳೆಲ್ಲ ಆರಿದವು.

ಓಣಿ ಎದ್ದು ಕೂತಿತು. ಮನೆಗಳಿಂದ ಫೋನು ಹಿಡಿದು ಹೊರಬಂದವರು ಆಕಾಶ ನೋಡಿದರು. ಇಂಟರ್ನೆಟ್ ಇಲ್ಲದೆ ಬಿಲ್ಲಾಗದೆ ಸೊಸೈಟಿಯಲ್ಲಿ ಗೊಬ್ಬರದ ಪಾಳಿ ನಿಂತುಹೋಯಿತು. ಹೇಮಂತ ಬೆವರುತ್ತ ಹುಬ್ಬಳ್ಳಿಯ ಡೀಲರನಿಗೆ ಫೋನು ಹಚ್ಚಿದ. "ಮುಚ್ಚಳ ಮುಟ್ಟಬ್ಯಾಡ್ರಿ, ಗ್ಯಾರಂಟಿ ಹೋಗತೈತಿ. ಬೆಂಗಳೂರಿಂದ ಇಂಜಿನಿಯರ್ ಬರ್ತಾರ," ಎಂದನಂತೆ ಅವನು. ಯಾವಾಗ ಎಂದು ಕೇಳಿದ್ದಕ್ಕೆ, "ಬಂದಾಗ," ಎಂದನಂತೆ.

ಸುಳ್ಳು ಯಾಕೆ ಹೇಳಬೇಕು, ಅಂದಾನೆಪ್ಪನಿಗೆ ಹಬ್ಬವಾಯಿತು. ಕುರ್ಚಿಯನ್ನು ಬಾಗಿಲಿಗೇ ಎಳೆದುಕೊಂಡು, ಚಹಾ ತರಿಸಿ, ಎದುರಿನ ಗದ್ದಲವನ್ನು ನೋಡುತ್ತ ಕೂತ. ಚಹಾ ಅರ್ಧವಾಗಿರಲಿಲ್ಲ, ದುರಗವ್ವ ಕೈಯಲ್ಲಿ ಉಪ್ಪು, ಮೆಣಸಿನಕಾಯಿ ಹಿಡಿದು ಬಂದು ನಿಂತಳು. ಹಿಂದೆ ಮಾಬುಸಾಬ.

"ಕಾಲ ಎತ್ತೋ ಅಂದಾನೆಪ್ಪಾ."

"ಯಾಕ ಬೇ?"

"ನಿನ್ನ ಪಾದದ ಬುಡಕಿನ ಧೂಳ ಬೇಕು. ಅಂಗಿದೊಂದು ಎಳಿನೂ ಕೊಡು. ನಿನ್ನ ಕಣ್ಣ ಬಿದ್ದು ಮಶೀನಿಗೆ ನೆದರ ಆಗೇತಿ, ತಗೀಬೇಕು."

"ನನ್ನ ನೆದರ? ಹುಚ್ಚು ಹಿಡದೈತೇನ್ ನಿನಗ?"

"ಸಿಟ್ಟಾಗಬ್ಯಾಡೋ ತಮ್ಮಾ, ನೀ ಏನ್ ಬೇಕಂತ ಮಾಡಿಲ್ಲ. ಕೆಲವರ ಕಣ್ಣು ಹುಟ್ಟಾ ಹಂಗ ಇರ್ತಾವು. ನಮ್ಮ ಸ್ವಾದರ ಮಾವ ಒಮ್ಮೆ ಹೊಗಳಿದ್ದಕ್ಕ ಬಣವಿಗೆ ಬಣವಿನ ಉರದಿತ್ತು."

"ಕೊಡೋ ಮಾರಾಯಾ, ಒಂದು ಎಳಿ ಹೋದ್ರ ಏನ್ ಹೋಗತೈತಿ?" ಎಂದ ಮಾಬುಸಾಬ. "ಹೋದ ವರ್ಷ ನನ್ನ ಹೊಸಾ ಗಾಡಿ ಚಲೋ ಐತಿ ಅಂದಿ. ಅವತ್ತ ಪಂಚರ್ ಆತು."

"ಮೊಳಿ ನಿನ್ನ ಅಂಗಡಿ ಮುಂದನ ಬಿದ್ದಿದ್ವಲ್ಲಲೇ!"

ಅಷ್ಟರಲ್ಲಿ ದುರಗವ್ವ ಅವನ ಪಾದದ ಬುಡದ ಧೂಳು ಬಳಿದುಕೊಂಡು, ಅಂಗಿಯ ತೋಳಿನಿಂದ ಒಂದು ಎಳೆ ಹಿಡಿದು ಎಳೆದಳು. ಹೊಲಿಗೆ ಭುಜದಿಂದ ಮೊಣಕೈವರೆಗೆ ಬಿಚ್ಚಿಕೊಂಡು ಬಂತು. ಅಂದಾನೆಪ್ಪನಿಗೆ ತಡೆಯಲಾಗಲಿಲ್ಲ. ಜೋತ ತೋಳಿನಲ್ಲೇ ಸ್ಕ್ರೂಡ್ರೈವರ್ ಹಿಡಿದು ರಸ್ತೆ ದಾಟಿದ.

"ನೆದರೂ ಅಲ್ಲ, ಏನೂ ಅಲ್ಲ! ಆ ಡಬ್ಬಿ ಒಳಗ ಏನೈತಿ, ನಾ ತೋರಸ್ತೀನಿ!"

"ಗ್ಯಾರಂಟಿ ಹೋಗತೈತಿ ಅಣ್ಣಾ!" ಎಂದು ಹೇಮಂತ ಎರಡೂ ಕೈ ಚಾಚಿ ಅಡ್ಡ ನಿಂತ.

ಪ್ರಭು ಅವರಿಗೆ ಗೊಬ್ಬರದ ಪಾಳಿಯ ಚಿಂತೆ. "ತೆಗೀಲಿ ಬಿಡಪಾ. ನೋಡ್ರಿ ಅಂದಾನೆಪ್ಪ, ಇದನ್ನ ಚಾಲೂ ಮಾಡಿದ್ರ ಆರ್ಡರಿನ ವಿಚಾರ ಮತ್ತ ಮಾಡೂಣು," ಎಂದರು.

ಅಂದಾನೆಪ್ಪನಿಗೆ ಇನ್ನೇನು ಬೇಕು? ಹಾರ ಸರಿಸಿ ಸ್ಕ್ರೂ ಬಿಚ್ಚಿ ಮುಚ್ಚಳ ಎತ್ತಿದ. ಒಳಗೆ ಮುಕ್ಕಾಲು ಭಾಗ ಬರೀ ಗಾಳಿ. ಉಳಿದ ಮೂಲೆಯಲ್ಲಿ ಅವನು ದಿನಾ ಕೈಯಾಡಿಸುವ ಮದರ್‌ಬೋರ್ಡು, ದಿನಾ ಉಜ್ಜುವ ಮೆಮರಿ ಪಟ್ಟಿ, ದಿನಾ ಧೂಳು ಊದುವ ಪುಟ್ಟ ಫ್ಯಾನು. ಮಗಳ ಮದುವೆ ಗೊತ್ತಾದಂತೆ ಅವನ ಮುಖ ಅರಳಿತು. ಓಡಿಹೋಗಿ ತನ್ನ ಅಂಗಡಿಯಿಂದ ಅವೇ ಸಾಮಾನುಗಳನ್ನು ಉಡಿತುಂಬ ತಂದು, ಡಬ್ಬಿಯ ಪಕ್ಕದಲ್ಲಿ ಹರವಿದ.

"ಬರ್ರಿ, ಎಲ್ಲಾರೂ ಬಂದು ನೋಡ್ರಿ! ಇದು ಅದರ ಬೋರ್ಡು, ಇದು ನಂದು. ಖಾಸ ಅಣ್ಣತಮ್ಮ ಅದಾವು. ಈ ಪಟ್ಟಿ ನೋಡ್ರಿ, ಈ ಫ್ಯಾನ್ ನೋಡ್ರಿ. ಇದು ಸಾದಾ ಕಂಪ್ಯೂಟರ್ ಐತ್ರೀ! ಕರಿ ಅಂಗಿ ತೊಡಿಸಿ, ನೀಲಿ ದೀಪ ಹಚ್ಚಿ, ನಿಮ್ಮನ್ನೆಲ್ಲಾ ಮಂಗ್ಯಾ ಮಾಡ್ಯಾರ!"

ಎಲ್ಲರೂ ಬಂದರು, ಬಗ್ಗಿ ನೋಡಿದರು. ಹೇಮಂತನ ಮುಖ ಸುಣ್ಣ ಬಳಿದ ಗೋಡೆಯಾಯಿತು. ಮಾಬುಸಾಬ ಮೊಬೈಲು ತೆಗೆದು, ಮುಂಜಾನೆಯ ಸೆಲ್ಫಿ ನೋಡಿ ಮತ್ತೆ ಕಿಸೆಗಿಟ್ಟ. ಪ್ರಭು ಅವರಂತೂ ಇಂಥ ಮಶೀನು ಭೂಮಿಯ ಮೇಲೇ ಇಲ್ಲವೆಂದು ಸೊಸೈಟಿಯ ಚೇರ್ಮನ್ನರ ಮುಂದೆ ಹೇಳಿಬಂದಿದ್ದರು. ಅವರು ಡಬ್ಬಿಯನ್ನು ಬಿಟ್ಟು ಗೋಡೆಯ ಕ್ಯಾಲೆಂಡರ್ ನೋಡತೊಡಗಿದರು.

ಆಗ ದುರಗವ್ವ ಎದೆ ಮೇಲೆ ಕೈಯಿಟ್ಟುಕೊಂಡಳು. "ಅಯ್ಯ ಶಿವನ! ಮುಂಜಾನಿ ಎಂಥಾ ದೊಡ್ಡ ಮಶೀನ್ ಇತ್ತು! ಇಂವನ ಕಣ್ಣ ಬಿದ್ದದ್ದ ತಡ, ಸಾದಾ ಕಂಪ್ಯೂಟರ್ ಆಗಿ ಕುಂತೈತಲ್ಲೋ!"

ಅಂದಾನೆಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. ನಗುತ್ತಿರುವವನು ತಾನೊಬ್ಬನೇ ಎಂದು ಸ್ವಲ್ಪ ಹೊತ್ತಿನ ಮೇಲೆ ಗೊತ್ತಾಯಿತು. ಉಳಿದವರು ಒಂದೋ ತಾವೆಲ್ಲ ಮಂಗ್ಯಾ ಆಗಿದ್ದೇವೆಂದು ಒಪ್ಪಬೇಕು, ಇಲ್ಲವೇ ದುರಗವ್ವ ಹೇಳಿದ್ದು ಖರೆ ಎನ್ನಬೇಕು. ಇದ್ದವರೆಲ್ಲ ಮರ್ಯಾದಸ್ಥರು.

"ನಾವು ಓದಿದವರು, ಇಂಥಾದ್ದೆಲ್ಲಾ ನಂಬಬಾರದು," ಎಂದು ಪ್ರಭು ಗಂಟಲು ಸರಿಮಾಡಿಕೊಂಡರು. "ಆದ್ರ ಮುಂಜಾನಿ ಇದು ಹಿಂಗಿರಲಿಲ್ಲ ಬಿಡ್ರಿ."

"ಮುಂಜಾನಿ ನೀವು ಒಳಗ ನೋಡಿದ್ರೇನ್ರಿ ಸಾಹೇಬ್ರ?"

"ಒಳಗ ಯಾಕ ನೋಡ್ಲಿ? ರೇಟ್ ನೋಡಿದ್ದೆ."

ಹೇಮಂತನಿಗೆ ಹೋದ ಜೀವ ಬಂತು. "ಹೌದ್ರಿ, ನಾ ತರೂ ಮುಂದ ಭಾಳ ಒಜ್ಜಾ ಇತ್ರಿ. ಈಗ ಹಗರ ಆಗೇತಿ," ಎಂದ.

"ತಡೀರಿ, ಚಾಲೂ ಮಾಡೇ ತೋರಸ್ತೀನಿ!" ಎಂದು ಅಂದಾನೆಪ್ಪ ಹಲ್ಲು ಕಚ್ಚಿ ಮೆಮರಿ ಪಟ್ಟಿಯನ್ನು ಕಿತ್ತ. ಕಂಪ್ಯೂಟರ್ ಏಳದಿದ್ದರೆ ರಿಪೇರಿಯವರು ಮೊದಲು ಮಾಡುವುದು ಅದನ್ನೇ. ಪಟ್ಟಿಯ ಬಂಗಾರದ ಬಣ್ಣದ ಅಂಚನ್ನು ಪೆನ್ಸಿಲಿನ ರಬ್ಬರಿನಿಂದ ತಿಕ್ಕಿ, ಊದಿ, ಮತ್ತೆ ಅದರ ಜಾಗದಲ್ಲಿ ಒತ್ತಿ ಕೂರಿಸಿದ. ಅದೇ ಹೊತ್ತಿಗೆ ದುರಗವ್ವ ಧೂಳು, ಎಳೆ, ಉಪ್ಪು, ಮೆಣಸಿನಕಾಯಿಗಳನ್ನು ಡಬ್ಬಿಗೆ ನಿವಾಳಿಸಿ ತನ್ನ ಒಲೆಗೆ ಹಾಕಿದಳು. ಎಲ್ಲರೂ ಮೂಗು ಮುಚ್ಚಿಕೊಂಡು ಕಾದರು. ಘಾಟೇ ಬರಲಿಲ್ಲ. ಮೆಣಸಿನಕಾಯಿ ಸುಟ್ಟರೂ ಘಾಟು ಬರಲಿಲ್ಲವೆಂದರೆ ದೃಷ್ಟಿ ಬಲವಾಗಿತ್ತೆಂದು ಲೆಕ್ಕ. ಅವಳು ಸುಟ್ಟದ್ದು ಬ್ಯಾಡಗಿ ಮೆಣಸಿನಕಾಯಿ, ಅದು ಬಣ್ಣಕ್ಕೆ ಹೆಸರಾದದ್ದು, ಖಾರಕ್ಕಲ್ಲ ಎಂಬುದನ್ನು ಅದನ್ನೇ ಬೆಳೆಯುವ ಆ ಊರಿನಲ್ಲಿ ಯಾರೂ ನೆನೆಯಲಿಲ್ಲ.

ಅಂದಾನೆಪ್ಪ ಸ್ವಿಚ್ ಒತ್ತಿದ. ನೀಲಿ ದೀಪಗಳು ಸಾಲಾಗಿ ಹೊತ್ತಿಕೊಂಡವು.

"ಇಳೀತು! ನೆದರ ಇಳೀತು!" ಎಂದು ಓಣಿಯೆಲ್ಲ ಕೂಗಿತು. ಮಾಬುಸಾಬ ದುರಗವ್ವನ ಕಾಲು ಮುಟ್ಟಿದ.

"ಲೇ, ನಾ ರಬ್ಬರ್ ತಿಕ್ಕೀನೋ! ರಬ್ಬರ್!" ಎಂದು ಅಂದಾನೆಪ್ಪ ರಬ್ಬರು ಎತ್ತಿ ಹಿಡಿದು ಅರಚಿದ. ಅಷ್ಟರಲ್ಲಿ ಹೇಮಂತ ಮುಚ್ಚಳ ಹಾಕಿ ಸ್ಕ್ರೂ ತಿರುಗಿಸಿಯಾಗಿತ್ತು.

"ಈಗ ಒಳಗ ಎಲ್ಲಾ ಮೊದಲಿನಂಗ ಆಗಿರತೈತ್ರಿ," ಎಂದ.

"ಹಂಗಾದ್ರ ತಗೀ, ನೋಡೂಣು!"

"ಬ್ಯಾಡ, ಬ್ಯಾಡ!" ಎಂದರು ಪ್ರಭು. "ಮತ್ತ ನಿಮ್ಮ ಕಣ್ಣ ಬಿದ್ದೀತು." ಅಲ್ಲಿಯೇ, ಎಲ್ಲರ ಎದುರಿಗೆ, ಸೊಸೈಟಿಗೂ ಶಾಖೆಗಳಿಗೂ ಇಂಥವೇ ಡಬ್ಬಿ ತರಿಸಲು ಹೇಮಂತನಿಗೆ ಹೇಳಿದರು. ಬರುವಾಗ ಮೇಲೆ ಬಟ್ಟೆ ಮುಚ್ಚಿಕೊಂಡು ತಾ ಎಂದೂ ಹೇಳಿದರು.

ಅಂದಾನೆಪ್ಪ ಅವರನ್ನು ರಸ್ತೆಯವರೆಗೆ ಬೆನ್ನು ಹತ್ತಿದ. "ಸಾಹೇಬ್ರ, ಚಾಲೂ ಮಾಡಿದ್ರ ಆರ್ಡರ್ ಅಂದಿದ್ರಲ್ರಿ. ಕೆಟ್ಟಿದ್ದನ್ನ ನಾನ ಸರಿ ಮಾಡೀನ್ರಿ."

ಪ್ರಭು ಅವನ ಹೆಗಲ ಮೇಲೆ ಕೈಯಿಟ್ಟರು. ಮುಖ ಮಾತ್ರ ಬೇರೆ ಕಡೆ ಇತ್ತು. "ನಿಮ್ಮ ಕೈ ಅಗದಿ ಚಲೋ ಐತ್ರಿ, ನಾ ಇಲ್ಲನ್ನೂದಿಲ್ಲ. ಆದ್ರ ಸೊಸೈಟಿ ಒಳಗ ಮಂದಿ ಬಂಗಾರ ಒತ್ತಿ ಇಟ್ಟಾರ. ನೀವು ಬಂದು ಒಮ್ಮೆ ನೋಡಿ, ಅದು ಹಿತ್ತಾಳಿ ಆಗಿ ಕುಂತ್ರ ನಾ ಯಾರಿಗೆ ಜವಾಬ ಕೊಡ್ಲಿ?"

ಜನ ಚದುರಿದ ಮೇಲೆ ಹೇಮಂತ ಮೆಲ್ಲಗೆ ಹತ್ತಿರ ಬಂದ. "ಅಣ್ಣಾ, ನಾಳಿ ಮತ್ತ ಕೆಟ್ರ ಹಿತ್ತಲ ಬಾಗಲಿಂದ ಬರ್ರಿ. ಆ ರಬ್ಬರ್ ತರೂದ ಮರೀಬ್ಯಾಡ್ರಿ," ಎಂದು ಪಿಸುಗುಟ್ಟಿ ಹೋದ. ಅಂದಾನೆಪ್ಪನಿಗೆ ಅಳು ಬಂತು.

ಸಂಜೆ ಹರಿದ ತೋಳಿನಲ್ಲಿ ಮನೆ ಸೇರಿದಾಗ, ಸುದ್ದಿ ಅವನಿಗಿಂತ ಮೊದಲೇ ಬಂದು ಪಡಸಾಲೆಯಲ್ಲಿ ಕೂತಿತ್ತು. ಹೆಂಡತಿ ಗಂಗಾ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ ಬಡಿಸಿದಳು. ಅವನು ಮುಂಜಾನೆಯಿಂದ ಆದದ್ದನ್ನೆಲ್ಲ ಬಿಡಿಸಿ ಹೇಳಿದ. ಬೋರ್ಡು, ಪಟ್ಟಿ, ಫ್ಯಾನು, ರಬ್ಬರು ಯಾವುದನ್ನೂ ಬಿಡಲಿಲ್ಲ. ಅವಳು ಹೂಂಗುಟ್ಟುತ್ತ ಕೇಳಿದಳು.

"ನೀ ಹೇಳ ಗಂಗಾ. ನೀನೂ ಅದನ್ನ ನಂಬತೀಯೇನು?"

"ನಂಗೇನ್ ಹುಚ್ಚೇನ್ರಿ? ಮಂದಿಗೆ ಬುದ್ಧಿ ಇಲ್ಲ," ಎಂದಳು ಗಂಗಾ. ಎದ್ದು, ಕಟ್ಟೆಯ ಮೇಲಿದ್ದ ಹೊಸ ಮಿಕ್ಸರಿಗೆ ಟವೆಲು ಹೊದಿಸಿ ಬಂದು ಕೂತಳು. "ಆದ್ರ ನೀವು ಸ್ವಲ್ಪ ಗ್ವಾಡಿ ಕಡೆ ಮಾರಿ ಮಾಡಿ ಉಣ್ರಿ."

ಅಂದಾನೆಪ್ಪ ತಾಟು ಎತ್ತಿಕೊಂಡು ಗೋಡೆಯ ಕಡೆ ತಿರುಗಿ ಕೂತು ರೊಟ್ಟಿ ಮುರಿದ.