ಭಾಲ್ಕಿಯಲ್ಲಿ ನನ್ನನ್ನು ಸೋಲಿಸಿದ ಸ್ಟಿಕರ್ ಹಚ್ಚೆಯವರಿಗೆ

ಮಾನ್ಯ ಸ್ಟಿಕರ್ ಹಚ್ಚೆಯವರೇ,

ಔರಾದ ತಾಲ್ಲೂಕಿನ ಡಾಬಕಾದಿಂದ ನಿವೃತ್ತ ಮುಖ್ಯೋಪಾಧ್ಯಾಯಿನಿ ಕೌಸಲ್ಯಾಬಾಯಿ ಮಾಡುವ ಅನಂತ ನಮಸ್ಕಾರಗಳು. ತಾವು ಭಾಲ್ಕಿಯ ಕುಮಾರಿ ಪ್ರಣಿತಾಳ ಮುಂಗೈ ಮೇಲೆ ಸುಖವಾಗಿ ಅಂಟಿಕೊಂಡಿದ್ದೀರೆಂದೂ, ಆಕೆ ಇನ್ನೂ ಸ್ನಾನಕ್ಕೆ ಹೋಗಿಲ್ಲವೆಂದೂ ನಂಬಿ ಅವಸರದಲ್ಲಿ ಈ ಪತ್ರ ಬರೆಯುತ್ತಿದ್ದೇನೆ.

ಜಿಲ್ಲೆಯ ಊರೂರು ಸುತ್ತುವ ಮಹಿಳಾ ಚರಿತ್ರೆಯ ಉಪನ್ಯಾಸ ಮಾಲೆ ಮೊದಲು ನಮ್ಮ ಔರಾದಿಗೆ ಬಂದಾಗ, ಅಕ್ಷರ ಸಿಗದ ಹೆಣ್ಣುಮಕ್ಕಳು ತಮ್ಮ ಚರಿತ್ರೆಯನ್ನು ಮೈಮೇಲೆಯೇ ಬರೆದುಕೊಂಡರು ಎಂದು ಉಪನ್ಯಾಸಕ ಶಿವರಾಜಪ್ಪನವರು ಗದ್ಗದಿತರಾಗಿ ಹೇಳಿದ್ದನ್ನು ಕೇಳಿ, ಅಂಗೈ ಉರಿಯುವಷ್ಟು ಚಪ್ಪಾಳೆ ತಟ್ಟಿದವಳು ನಾನು. ಆ ದಿನ ಜನರಿಗಿಂತ ಕುರ್ಚಿಗಳೇ ಹೆಚ್ಚಾಗಿದ್ದವಾದ್ದರಿಂದ ಭಾಲ್ಕಿಯಲ್ಲಿ ಉಪನ್ಯಾಸದ ಬದಲು ‘ಪಾರಂಪರಿಕ ಸುಂದರಿ’ ಸ್ಪರ್ಧೆ ಇಟ್ಟರು. ವಯಸ್ಸಿನ ಮಿತಿ ಇಲ್ಲ, ಮೈಮೇಲೆ ಹಚ್ಚೆ ಇರಬೇಕು, ಗೆದ್ದವರಿಗೆ ಬೀದರಿನ ಸಮಾರೋಪದಲ್ಲಿ ಹತ್ತು ನಿಮಿಷ ಮಾತನಾಡುವ ಅವಕಾಶ. “ಅತ್ತಿ, ಈ ಉಮರ್‌ದಾಗ ಇದೆಲ್ಲಾ ನಿಮಗ ಯಾಕ ಬೇಕ್ರಿ?” ಎಂದು ಸೊಸೆ ತಲೆ ಚಚ್ಚಿಕೊಂಡಳು. ಕಿರೀಟ ಯಾರ ತಲೆಗಾದರೂ ಹೋಗಲಿ, ನನಗೆ ಬೇಕಾಗಿದ್ದದ್ದು ಆ ಹತ್ತು ನಿಮಿಷ.

ಯಾಕೆಂದು ತಮಗೆ ತಿಳಿಸಲೇಬೇಕು. ನನ್ನ ಎಡಗೈ ಮೇಲೆ ನನ್ನ ಅಕ್ಕನ ಹೆಸರಿದೆ. ನಾವಿಬ್ಬರೂ ಲಂಗದ ಹುಡುಗಿಯರಾಗಿದ್ದಾಗ, ಮದುವೆಯಾಗಿ ಬೇರೆ ಬೇರೆ ಊರಿಗೆ ಹೋದರೂ ಮರೆಯಬಾರದೆಂದು, ಔರಾದಿನ ಸಂತೆಯಲ್ಲಿ ಅವಳ ಕೈಗೆ ನನ್ನ ಹೆಸರು, ನನ್ನ ಕೈಗೆ ಅವಳ ಹೆಸರು ಚುಚ್ಚಿಸಿಕೊಂಡೆವು. ನಾನು ಗೊಳೋ ಎಂದು ಅತ್ತೆ. ಅವಳು ಅಳದೆ, ಸೂಜಿ ಹಿಡಿದ ಹೆಂಗಸನ್ನು ಇಡೀ ಸಂತೆ ತಿರುಗಿ ನೋಡುವಂತೆ ಬೈದಳು. ಮದುವೆಯಾಗಿ ಮೊದಲ ಹೆರಿಗೆಯಲ್ಲೇ ಹೋಗಿಬಿಟ್ಟಳು. ಅವಳನ್ನು ಶಾಲೆಗೆ ಕಳಿಸಿರಲಿಲ್ಲ, ಒಂದು ಫೋಟೊ ತೆಗೆಸಿರಲಿಲ್ಲ. ಅವಳನ್ನು ಕಂಡವರಲ್ಲಿ ಉಳಿದವಳು ನಾನೊಬ್ಬಳೇ. ಈ ಕೈ ಮಣ್ಣಾದ ದಿನ ಸುಮನ ಎಂಬ ಹುಡುಗಿಯೊಬ್ಬಳು ಇದ್ದಳು ಎನ್ನುವುದಕ್ಕೆ ಏನೂ ಉಳಿಯುವುದಿಲ್ಲ. ತುಂಬಿದ ಸಭೆಯಲ್ಲಿ ಒಂದು ಸಲ ಅವಳ ಹೆಸರು ಕೇಳಿಸಬೇಕು ಎಂಬುದಷ್ಟೇ ನನ್ನ ಆಸೆ.

ಆದರೆ ನಿರ್ಣಾಯಕರಾಗಿ ಕೂತಿದ್ದ ಅದೇ ಶಿವರಾಜಪ್ಪನವರು ಮೊಬೈಲಿನ ಬೆಳಕು ಬಿಟ್ಟು ನನ್ನ ಕೈ ನೋಡಿ, “ಅಮ್ಮಾರ, ಭಾಳ ಮಸಕಾಗ್ಯಾದ್ರಿ, ಮಾರ್ಕ್ಸ್ ಹ್ಯಾಂಗ ಕೊಡ್ಲಿರಿ?” ಎಂದರು. “ಇಷ್ಟು ವರ್ಷ ಭಾಂಡಿ ತಿಕ್ಕೇನ್ರಿ ಸರ್, ಮಸಕಾಗಲ್ದೆ ಹೊಳಿತದೇನ್ರಿ?” ಎಂದೆ. ಅಷ್ಟರಲ್ಲಿ, ಬಾಗಿಲ ಬಳಿ ಹಾಳೆಗಟ್ಟಲೆ ಮಾರಾಟವಾಗುತ್ತಿದ್ದ ತಾವು ನವಿಲಿನ ವೇಷದಲ್ಲಿ ಪ್ರಣಿತಾಳ ಕೈಯೇರಿ ಬಂದಿರಿ. ಅಪ್ಪಟ ಪರಂಪರೆ ಎಂದರೆ ಇದು ಎಂದು ನಿರ್ಣಾಯಕರು ಎದ್ದು ನಿಂತರು. ನನಗೆ ಸಮಾಧಾನಕರ ಬಹುಮಾನವಾಗಿ ತಮ್ಮ ಬಂಧುಗಳ ಒಂದು ಹಾಳೆ ಕೊಟ್ಟು ಕಳಿಸಿದರು. ಅದರಲ್ಲೊಬ್ಬರನ್ನು ನಮ್ಮ ಎಮ್ಮೆಯ ಹಣೆಗೆ ಅಂಟಿಸಿದ್ದೇನೆ. ಅದೂ ಈಗ ಪಾರಂಪರಿಕವಾಗಿ ಕಾಣುತ್ತದೆ.

ತಮ್ಮ ಗುಣಗಳನ್ನು ಎಷ್ಟು ಹೊಗಳಿದರೂ ಕಡಿಮೆಯೇ. ತಾವು ನೋಯಿಸುವುದಿಲ್ಲ, ಜ್ವರ ಬರಿಸುವುದಿಲ್ಲ, ಅರಿಶಿನ ಕೇಳುವುದಿಲ್ಲ, ಸೀರೆಯ ಬಣ್ಣಕ್ಕೆ ಹೊಂದಿಕೊಳ್ಳುತ್ತೀರಿ, ಬೇಡವಾದಾಗ ಎಣ್ಣೆ ಸವರಿದರೆ ತಕರಾರಿಲ್ಲದೆ ಎದ್ದು ಹೋಗುತ್ತೀರಿ. ಇಷ್ಟು ಸಮರ್ಥರಾದ ತಮ್ಮಲ್ಲಿ ನನ್ನದೊಂದು ಸಣ್ಣ ವಿನಂತಿ: ದಯವಿಟ್ಟು ನನ್ನ ಕೈಗೂ ಬಂದು ಒಂದು ಆಯುಷ್ಯ ಇದ್ದು ನೋಡಿ. ಬೂದಿ ಹಾಕಿ ಪಾತ್ರೆ ತಿಕ್ಕಿ, ರೊಟ್ಟಿ ಬಡಿದು, ಸೀಮೆಸುಣ್ಣದ ಧೂಳು ಕುಡಿದು, ಆಮೇಲೂ ಮಸುಕಾಗದೆ ಉಳಿದರೆ, ಶಿವರಾಜಪ್ಪನವರ ಬೋಳು ತಲೆಯ ಮೇಲೆ ತಮ್ಮನ್ನು ಶಾಶ್ವತವಾಗಿ ಪ್ರತಿಷ್ಠಾಪಿಸಲು ನಾನೇ ಶಿಫಾರಸು ಮಾಡುತ್ತೇನೆ.

ಮರುದಿನ ಬೀದರಿನಲ್ಲಿ ತಾವು ಮಾತನಾಡಿದ್ದನ್ನೂ ಕೊನೆಯ ಸಾಲಿನಲ್ಲಿ ಕೂತು ಕೇಳಿದೆ. ಪ್ರಣಿತಾ ಪಾಪ, ಒಳ್ಳೆಯ ಹುಡುಗಿ. ಮಮ್ಮಿ, ಪಪ್ಪಾ, ಬ್ಯೂಟಿ ಪಾರ್ಲರಿನ ಆಂಟಿ, ಎಲ್ಲರಿಗೂ ಥ್ಯಾಂಕ್ಸ್ ಹೇಳಿ, ಮುಂದೇನು ಹೇಳಬೇಕೆಂದು ತೋಚದೆ ತಮ್ಮನ್ನು ಎತ್ತಿ ತೋರಿಸಿ ಕೆಳಗಿಳಿದಳು. ಹತ್ತು ನಿಮಿಷದಲ್ಲಿ ಎಂಟು ಉಳಿದವು. ಆ ಎಂಟೂ ನಿಮಿಷ ಮೈಕು ಖಾಲಿ ನಿಂತಿತ್ತು, ನಾನು ಕೈ ಎತ್ತಿಕೊಂಡು ನಿಂತಿದ್ದೆ, ಯಾರೂ ಹಿಂದೆ ನೋಡಲಿಲ್ಲ. ನನಗೆ ಬಹಳ ಸಿಟ್ಟು ಬಂತು, ಅದಕ್ಕಿಂತ ಹೆಚ್ಚು ಅಳು ಬಂತು.

ತಾವು ಉದುರುವವರೆಗೂ ತಮ್ಮ ವಿಶ್ವಾಸಿ,
ಕೌಸಲ್ಯಾಬಾಯಿ
ಡಾಬಕಾ

ತಾ.ಕ.: ಮುಂದಿನ ವರ್ಷದ ಸ್ಪರ್ಧೆಗೆ ಈಗಲೇ ಹೆಸರು ಕೊಟ್ಟು ಬಂದಿದ್ದೇನೆ. ಕಿರೀಟ, ಮಾಲೆ, ಹತ್ತು ನಿಮಿಷ ಎಲ್ಲವನ್ನೂ ತಾವೇ ಇಟ್ಟುಕೊಳ್ಳಿ. ಸೋಲುವವರನ್ನೂ ವೇದಿಕೆಗೆ ಕರೆಯುವಾಗ ಮೈಕಿನಲ್ಲಿ ಎರಡೆರಡು ಸಲ ಹೆಸರು ಕೂಗಿಯೇ ಕರೆಯುತ್ತಾರೆ. ನನ್ನ ಹೆಸರು ಸುಮನ ಎಂದು ಬರೆಸಿದ್ದೇನೆ.