ಹತ್ತೊಂಬತ್ತು ಸಂದರ್ಶನಗಳ ಗುಪ್ತಹೇರ

ಹಗ್ಗ ಕಟ್ಟಿ ಬಾವಿಗೆ ಇಳಿಬಿಟ್ಟರೂ ತನ್ನ ಬಾಯಿಂದ ಒಂದು ಗುಟ್ಟೂ ಹೊರಬೀಳದು ಎಂದು ಉದಗೀರದ ಬಟ್ಟೆ ವ್ಯಾಪಾರಿ ಜಗದೇವಪ್ಪನವರು ಆ ಗುರುವಾರ ಮಧ್ಯಾಹ್ನ ತೀರ್ಮಾನಿಸಿದರು. ಈ ಧೈರ್ಯ ಬಂದದ್ದು ಮೊಬೈಲಿನಿಂದ. ಹಳೆಯ ಮರಾಠಿ ರೇಡಿಯೊ ಸಂದರ್ಶನಗಳನ್ನು ಯಾರೋ ಪುಣ್ಯಾತ್ಮರು ಅದರಲ್ಲಿ ಸಿಗುವಂತೆ ಮಾಡಿದ್ದರು. ಗೂಢಚಾರರ ಕಾದಂಬರಿ ಬರೆದವರು, ಸಿನಿಮಾದಲ್ಲಿ ಗೂಢಚಾರರಾಗಿ ಮೆರೆದವರು, ಸಾಲಾಗಿ ಬಂದು ಮಾತಾಡುತ್ತಿದ್ದರು. ಜಗದೇವಪ್ಪ ಹತ್ತೊಂಬತ್ತು ಸಂದರ್ಶನ ಮುಗಿಸಿದ್ದರು. ಎಲ್ಲದರ ಸಾರ ಒಂದೇ: ಸಿಕ್ಕಿಬಿದ್ದೆ ಅನಿಸಿದರೂ ಮೊದಲು ಬಾಯಿ ಬಿಡಬಾರದು.

ಅವರು ಇದನ್ನು ಸುಮ್ಮನೆ ಕಲಿಯುತ್ತಿರಲಿಲ್ಲ. ಅವರ ಹೊಟ್ಟೆಯಲ್ಲಿ ಒಂದು ಸೀರೆ ಇತ್ತು! ನಿಲಂಗಾದ ತಂಗಿ ಶೇವಂತಾಬಾಯಿಯ ಮಗಳು ಸಾರಿಕಾಳ ಮದುವೆಗೆ ಟೆಂಪೊ ಕಲ್ಯಾಣಪ್ಪನ ಕೈಲಿ ಗುಟ್ಟಾಗಿ ಕಳಿಸಿದ ಹಸಿರು ರೇಷ್ಮೆ ಸೀರೆ. ಮದುವೆಯಾಗಿ ತಿಂಗಳಾಗಿತ್ತು. ಸೋದರಮಾವನಾಗಿ ಅಷ್ಟೂ ಕೊಡದಿದ್ದರೆ ಅವರಿಗೆ ಊಟ ಸೇರುತ್ತಿರಲಿಲ್ಲ. ಕೊಟ್ಟದ್ದು ಹೆಂಡತಿ ಅನುಸೂಯಾಬಾಯಿಗೆ ತಿಳಿದರೆ ಊಟವೇ ಇರುತ್ತಿರಲಿಲ್ಲ.

ಭೂಕಂಪದಲ್ಲಿ ಹಳೆಯ ಮನೆ ಬಿರುಕುಬಿಟ್ಟು, ಹೊಸದು ಕಟ್ಟಿಸಿ ವಾಸ್ತುಶಾಂತಿ ಮಾಡಿದಾಗ ಶೇವಂತಾಬಾಯಿ ಅತ್ತಿಗೆಗೆ ಒಂದು ಸೀರೆಯ ಉಡುಗೊರೆ ಕೊಟ್ಟಿದ್ದಳು. ಈ ಸೀಮೆಯಲ್ಲಿ ಅದಕ್ಕೆ ಆಹೇರ ಎನ್ನುತ್ತಾರೆ. ಬಿಚ್ಚಿ ನೋಡಿದರೆ ಅದು ಅನುಸೂಯಾಬಾಯಿಯೇ ಹಿಂದೊಮ್ಮೆ ಆಕೆಗೆ ಕೊಟ್ಟ ಆಹೇರ, ಅಂಚಿಗೆ ಕೈಯಾರೆ ಹೊಲಿದ ಫಾಲ್ ಸಮೇತ! ಅಂದಿನ ಸಿಟ್ಟು ಇಪ್ಪತ್ತು ವರ್ಷವಾದರೂ ಆರಿರಲಿಲ್ಲ. "ಈ ಮನಿಯಿಂದ ಒಂದ ದಾರದ ಎಳಿ ನಿಲಂಗಾಕ ಹೋದ್ರ, ನಾ ಔರಾದಕ್ಕ ತವರಮನಿಗಿ ಹೋಗ್ತೀನಿ. ನೀವ್ ನಿಮ್ಮ ಕೈಲೇ ರೊಟ್ಟಿ ಬಡ್ಕೊಂಡ ಉಣ್ರಿ," ಎಂದು ಸಾರಿದ್ದರು. ಮದುವೆಗೆ ಇಬ್ಬರೂ ಹೋಗಿರಲಿಲ್ಲ. ಜಗದೇವಪ್ಪನವರಿಗೆ ರೊಟ್ಟಿ ಬಡಿಯುವುದಿರಲಿ, ಹಿಟ್ಟಿನ ಡಬ್ಬಿ ಎಲ್ಲಿದೆಯೆಂಬುದೂ ಗೊತ್ತಿರಲಿಲ್ಲ.

ಇಂತಿರುವಾಗ ಇಪ್ಪತ್ತನೆಯ ಸಂದರ್ಶನ ಶುರುವಾಯಿತು. ಅನುಸೂಯಾಬಾಯಿ ಅಡುಗೆಮನೆ ಬಾಗಿಲಿಗೆ ಬಂದು ಸೌಟು ಆಡಿಸಿ ಕೇಳಿದರು.

"ಏನ್ ಕೇಳ್ಲಕತ್ತೀರಿ?"

ಇಯರ್‌ಫೋನ್ ತುರುಕಿಕೊಂಡವರ ಗಂಟಲು ಯಾವಾಗಲೂ ದೊಡ್ಡದು. ಗೂಢಚಾರನಿಗೆ ಮರಾಠಿಯಲ್ಲಿ ಇರುವ ಹೆಸರನ್ನೇ ಜಗದೇವಪ್ಪ ಓಣಿಗೆಲ್ಲ ಕೇಳುವಂತೆ ಅಂದರು.

"ಗುಪ್ತಹೇರ!"

ಒಲೆಯ ಮೇಲೆ ಒಗ್ಗರಣೆ ಸಿಡಿಯುತ್ತಿತ್ತು. ಅನುಸೂಯಾಬಾಯಿಗೆ ಕೇಳಿಸಿದ್ದು ಬೇರೆಯೇ. ಅವರ ಕೈಯ ಸೌಟು ಠಣ್ಣೆಂದು ಕೆಳಗೆ ಬಿತ್ತು. "ಗುಪ್ತ ಆಹೇರಾ?" ಎಂದರು. ಮುಖ ಕೆಂಪಾಗಿತ್ತು.

ಜಗದೇವಪ್ಪ ಇಯರ್‌ಫೋನ್ ಕಿತ್ತರು. ಗುಪ್ತ ಆಹೇರ! ಇವಳಿಗೆ ಗೊತ್ತಾಗಿಹೋಗಿದೆ! ಗೊತ್ತಿದ್ದವನು ಒಬ್ಬನೇ, ಆ ಟೆಂಪೊದವನು. ಹತ್ತೊಂಬತ್ತು ಸಂದರ್ಶನಗಳ ವಿದ್ಯೆ ಆ ಕ್ಷಣದ ಸಿಟ್ಟಿನಲ್ಲಿ ಸುಟ್ಟುಹೋಯಿತು. ಫೋನ್ ಹಚ್ಚಿದರು. ಅವಸರದಲ್ಲಿ ಬೆರಳು ತಾಗಿ ಸ್ಪೀಕರೂ ಚಾಲೂ ಆಯಿತು.

"ಕಲ್ಯಾಣಪ್ಪ, ನಿನಗ ನಾಚಿಕಿ ಅದನೇನು? ಸೀರಿ ಸಾರಿಕಾಗ ಮುಟ್ಟಸು, ಯಾರಿಗೂ ಹೇಳಬ್ಯಾಡ ಅಂತ ಕೈ ಮುಗದ ಹೇಳಿದ್ದೆ. ನಮ್ಮ ಮನಿಯಾಕಿಗಿ ಹ್ಯಾಂಗ ಗೊತ್ತಾಯ್ತು?"

ಅನುಸೂಯಾಬಾಯಿ ಗಂಡನ ಕಡೆ ತಿರುಗಿದರು. "ಸೀರಿ ಕಳಿಸೀರಿ," ಎಂದರು ಮೆಲ್ಲಗೆ. "ನಾ ಅಷ್ಟ ಹೇಳಿದ್ರೂ ಕಳಿಸೀರಿ. ಔರಾದ ಬಸ್ ಎಷ್ಟಕ್ಕದ?" ಕಪಾಟಿನ ಮೇಲಿನ ಬ್ಯಾಗಿಗೆ ಕೈ ಚಾಚಿದರು. ಆಕೆ ಕೂಗಾಡಿದ್ದರೆ ಜಗದೇವಪ್ಪನವರಿಗೆ ಇಷ್ಟು ಭಯವಾಗುತ್ತಿರಲಿಲ್ಲ.

ಅತ್ತ ಫೋನಿನಲ್ಲಿ ಕಲ್ಯಾಣಪ್ಪ ಉರಿದುಬಿದ್ದ.

"ಅಣ್ಣಾರ, ಬಾಯಿಗಿ ಬಂದಂಗ ಮಾತಾಡಬ್ಯಾಡ್ರಿ. ಹದಿನೈದ ವರ್ಷ ಆಯ್ತು ನಿಲಂಗಾಕ ಟೆಂಪೊ ಹೊಡೀಲಕತ್ತು. ಈ ಕಡಿ ಮಾತ ಆ ಕಡಿ ಹಾಕಿದವ ಅಲ್ಲ ನಾ. ಸಾರಿಕಾಗ ಅಂತ ವೈನಿ, ನಿಮ್ಮ ಮನಿಯವರೇ, ನನ್ನ ಕೈಲೇ ಗುಲಾಬಿ ಸೀರಿ ಕಳಿಸ್ಯಾರ. ಅದನ್ನ ನಿಮಗ ಎಂದರ ಹೇಳೀನೇನ್? ಇಲ್ಲ. ಹಂಗೇ ನಿಮ್ಮದೂ ಅವರಿಗಿ ಹೇಳಿಲ್ಲ."

ಫೋನ್ ಇಟ್ಟುಬಿಟ್ಟ.

ಬ್ಯಾಗು ಅರ್ಧಕ್ಕೇ ನಿಂತಿತು. ಜಗದೇವಪ್ಪನವರಿಗೆ ತಿಂಗಳಿಡೀ ಕದ್ದು ಕದ್ದು ಬದುಕಿದ ಸಿಟ್ಟೆಲ್ಲ ಒಮ್ಮೆಗೇ ಏರಿತು.

"ನೀನೂ ಕಳಿಸೀದಿ?"

"ಹೌದು, ಕಳಿಸೀನಿ. ನನ್ನ ಸಿಟ್ಟ ಆಕಿ ಅವ್ವನ ಮ್ಯಾಲ. ಕೂಸಿಂದೇನ್ ತಪ್ಪದ?"

"ಮತ್ತ ನನಗ ಯಾಕ ಹೇಳಲಿಲ್ಲ? ಗುಟ್ಟ ಇಟ್ಕೊಳ್ಳೂದ ನನಗ ಬರಲ್ಲೇನು?"

ಅನುಸೂಯಾಬಾಯಿ ಬ್ಯಾಗು ಕೆಳಗಿಟ್ಟರು, ಬಿದ್ದ ಸೌಟು ಎತ್ತಿಕೊಂಡರು, ಸೀದುಹೋದ ಒಗ್ಗರಣೆಯ ಕಡೆ ಹೊರಟರು.

"ಕಲ್ಯಾಣಪ್ಪ ಹೇಳೋ ತನಕ ನನ್ನ ಸುದ್ದಿ ನಿಮಗ ಗೊತ್ತಿತ್ತೇನು? ನಿಮಗ ನಾ ಬರೇ 'ಏನ್ ಕೇಳ್ಲಕತ್ತೀರಿ' ಅಂದಿದ್ದೆ."