ಹುಲ್ಲು ಹೊಟ್ಟೆಯ ಡೈನೋಸಾರ್

"ಫಾರಿನ್ನಿನೋರು ಮಾಡೋದೇನು ಮಹಾ! ನಮ್ಮ ಹರಿಹರದ ಹೊಳೆ ದಂಡೇಲಿ ನಾನು ಡೈನೋಸಾರ್ ಓಡಿಸ್ತೀನಿ ನೋಡು!" ಎಂದು ಕೊಟ್ಟೂರೇಶ್ ಗುಡುಗಿದಾಗ ಹೆಂಡತಿ ರೂಪಶ್ರೀ ರೊಟ್ಟಿ ಬಡಿಯುತ್ತಿದ್ದಳು.

"ಮೊದ್ಲು ಅಡಿಗೆಮನೇಲಿರೋ ಹಲ್ಲಿ ಓಡಿಸ್ರಿ," ಅಂದಳು.

ದಾವಣಗೆರೆಯಲ್ಲಿ ಮದುವೆ ವಿಡಿಯೊ ತೆಗೆಯುವವನು ಕೊಟ್ಟೂರೇಶ್. ಆ ವರ್ಷ, ಅಂದರೆ ತೊಂಬತ್ತೆಂಟರಲ್ಲಿ, ಆಷಾಢ ಬಂದು ಮದುವೆಗಳು ನಿಂತವು. ಕೈಯಲ್ಲಿ ಖಾಲಿ ಕ್ಯಾಮೆರಾ, ತಲೆಯಲ್ಲಿ ಕೋಟಿ ವರ್ಷ ಹಿಂದಿನ ಕಾಡು! ಕಥೆ, ನಿರ್ದೇಶನ, ನಾಯಕ ಎಲ್ಲ ತಾನೇ. ನಾಯಕಿಯಾಗಲು ಬೇರೆ ಯಾರೂ ಒಪ್ಪದೆ ಪಟ್ಟ ರೂಪಶ್ರೀಗೇ ಬಂತು. ಇನ್ನು ಡೈನೋಸಾರ್? ಬಿದಿರಿನ ಪಕ್ಕೆಲುಬು, ಹಸಿರು ಟಾರ್ಪಾಲಿನ ಚರ್ಮ, ಹೊಟ್ಟೆಯಿಂದ ಬಾಲದ ತುದಿವರೆಗೆ ಭತ್ತದ ಹುಲ್ಲು. ಮುಂಗಾಲಿಗೆ ಬಾಮೈದ ಬಕ್ಕೇಶ್, ಹಿಂಗಾಲಿಗೆ ಗೆಳೆಯ ತಿಮ್ಮೇಶ್.

"ಭಾನುವಾರ ಕೇಬಲ್ಲಿನಾಗೆ ನಮ್ಮ ಪಿಕ್ಚರು ಐತೆ, ತಪ್ಪದೆ ನೋಡ್ರಿ!" ಎಂದು ಕೊಟ್ಟೂರೇಶ್ ತಮ್ಮ ದೇವರಾಜ ಅರಸು ಬಡಾವಣೆಯ ಮನೆಮನೆಗೂ ಸಾರಿ ಬಂದ. ಶೂಟಿಂಗಿಗೆ ಮೊದಲೇ!

ಹೊಳೆ ದಂಡೆಯಲ್ಲಿ ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, ತಾನೇ "ಆ್ಯಕ್ಷನ್!" ಎಂದು ಕೂಗಿ, ತಾನೇ ಓಡಿಹೋಗಿ ಅದರ ಮುಂದೆ ನಿಂತ. ಪೊದೆಯಿಂದ ಘೋರ ಪ್ರಾಣಿ ಹೊರಬಂತು. ಮುಂಗಾಲು ಎಡಕ್ಕೆ, ಹಿಂಗಾಲು ಬಲಕ್ಕೆ!

"ಲೇ ತಿಮ್ಮೇಶ, ಈ ಕಡೆ ಬಾರಲೇ!" ಎಂದಿತು ಮುಂಗಾಲು.

"ಹೆಂಗೆ ಬರ್ಲಿ? ನಿನ್ನ ಬೆನ್ನು ಬಿಟ್ರೆ ನಂಗೇನೂ ಕಾಣವಲ್ದು!" ಎಂದಿತು ಹಿಂಗಾಲು.

ಹೆದರಿ ಮೂರ್ಛೆ ಹೋಗಬೇಕಿದ್ದ ನಾಯಕಿ ಹೊಟ್ಟೆ ಹಿಡಿದುಕೊಂಡಳು.

"ಬಿದ್ದು ಬಿದ್ದು ನಗೋದಲ್ಲ ಕಣೆ, ಎಚ್ಚರ ತಪ್ಪಿ ಬೀಳಬೇಕು!" ಎಂದು ಕೊಟ್ಟೂರೇಶ್ ಹಲ್ಲು ಕಡಿದ.

ಅಷ್ಟರಲ್ಲಿ ನೀರು ಕುಡಿಯಲು ಬಂದ ಎಮ್ಮೆಯೊಂದಕ್ಕೆ ಟಾರ್ಪಾಲಿನ ಹರಕಿನಿಂದ ಇಣುಕುತ್ತಿದ್ದ ಹುಲ್ಲು ಕಂಡಿತು. ಕೋಟಿ ವರ್ಷದ ರಾಕ್ಷಸನ ಬಾಲಕ್ಕೆ ಬಾಯಿ ಹಾಕಿ ನೆಮ್ಮದಿಯಾಗಿ ಮೇಯತೊಡಗಿತು!

"ಅಯ್ಯಯ್ಯಪ್ಪೋ! ಹಿಂದ್ಗಡೆಯಿಂದ ನನ್ನ ಯಾವುದೋ ತಿಂತೈತೆ!" ಎಂದು ತಿಮ್ಮೇಶ್ ಹಾರಿದ. ಬಿದಿರು ಲಟಕ್ಕೆಂದಿತು. ಡೈನೋಸಾರಿನ ಮುಂದಿನ ಅರ್ಧ ಮಲೆಬೆನ್ನೂರಿನ ರಸ್ತೆ ಹಿಡಿದು ಓಡಿತು, ಹಿಂದಿನ ಅರ್ಧ ಬಾಲ ಕಳಚಿಕೊಂಡು ಹೊಳೆಗೆ ಬಿತ್ತು. ನಾಯಕ ಬಿಡುತ್ತಾನೆಯೇ? ದೀಪಾವಳಿ ಪಿಸ್ತೂಲು ತೆಗೆದು ಢಂ ಎನ್ನಿಸಿದ. ಎಮ್ಮೆ ತಲೆಯೆತ್ತಿ ಅವನನ್ನು ನೋಡಿತು. ಬರೀ ನೋಡಿತು! ಕಣ್ಣು ಮಿಟುಕಿಸುವಷ್ಟರಲ್ಲಿ ಕೊಟ್ಟೂರೇಶ್ ಜಾಲಿ ಮರದ ಮೇಲಿದ್ದ. ಒಂದೊಂದು ಮುಳ್ಳಿಗೆ ಒಂದೊಂದು ಕಿರುಚು!

ಕೊನೆಗೆ ರೂಪಶ್ರೀಯೇ ಆ ಹುಲ್ಲಿನ ಬಾಲ ಎತ್ತಿಕೊಂಡು, "ಬಾ ನಮ್ಮವ್ವ, ಬಾ," ಎಂದು ಎಮ್ಮೆಯನ್ನು ದೂರ ಕರೆದೊಯ್ದಳು. ಕ್ಯಾಮೆರಾ ಪಾಪ, ತನ್ನ ಪಾಡಿಗೆ ಎಲ್ಲವನ್ನೂ ತುಂಬಿಕೊಳ್ಳುತ್ತಿತ್ತು.

ಮತ್ತೆ ತೆಗೆಯೋಣವೆಂದರೆ ಡೈನೋಸಾರ್ ಉಳಿದಿರಲಿಲ್ಲ. ಕೊಟ್ಟೂರೇಶ್ ಎಮ್ಮೆಯ ಪ್ರಕರಣವನ್ನೆಲ್ಲ ಕತ್ತರಿಸಿ ತೆಗೆದು, ಉಳಿದದ್ದನ್ನು ಬೇರೆ ಕ್ಯಾಸೆಟ್ ಮಾಡಿದ. ಅವಸರದ ಬಕ್ಕೇಶ್ ಕೇಬಲ್ಲಿನವರಿಗೆ ಕೊಟ್ಟುಬಂದದ್ದು ಮಾತ್ರ ಕತ್ತರಿ ಕಾಣದ ಕ್ಯಾಸೆಟ್!

ಭಾನುವಾರ ಕೊಟ್ಟೂರೇಶನ ಮನೆಯಲ್ಲಿ ನೆರೆಹೊರೆಯವರೆಲ್ಲ ನೆರೆದರು. ಎಮ್ಮೆ ಬಂದದ್ದೇ ತಡ, ಶಿಳ್ಳೆ, ಚಪ್ಪಾಳೆ! ಕೊಟ್ಟೂರೇಶನಿಗೆ ಟಿವಿಯ ಹಿಂದೆ ಅಡಗಿಕೊಳ್ಳುವ ಆಸೆಯಾಯಿತು. ಮುಗಿದ ಮೇಲೆ ಪಕ್ಕದ ಮನೆಯ ಹಿರಿಯರಾದ ಶಕುಂತಲಮ್ಮ ಕಣ್ಣೊರೆಸಿಕೊಂಡರು.

"ಭಾಳ ಚೆಂದ ಐತಪ್ಪ! ಅದ್ರಾಗೂ ಮರದ ಮ್ಯಾಲೆ ಕುಂತು ಕಿರುಚ್ತಿತ್ತಲ್ಲ ಕೋತಿ, ಅದೊಂದು ಮಾತ್ರ ಅಸಲಿ! ಎಲ್ಲಿಂದ ಹಿಡ್ಕಂಡ್ ಬಂದ್ರಿ?"

ರೂಪಶ್ರೀ ಎಲ್ಲರಿಗೂ ಚಹಾ ಕೊಡುತ್ತ ಹೇಳಿದಳು:

"ನಾವಲ್ರಿ ಅಮ್ಮಾರೆ, ಹಿಡ್ಕಂಡ್ ಬಂದಿದ್ದು ನಮ್ಮಪ್ಪ! ಬ್ಯಾಂಡ್ ಬಾರಿಸಿ, ಊರಿಗೆಲ್ಲ ಊಟ ಹಾಕಿ, ನಂಗೇ ಕಟ್ಟಿಬಿಟ್ರು!"